ಎಳೆ ಎಣಿಸುವ ಮಧ್ಯಾಹ್ನಗಳು

ಮಧ್ಯಾಹ್ನ ಎರಡರಿಂದ ನಾಲ್ಕರವರೆಗಿನ ಹೊತ್ತು ಹೆಂಗಸರಿಗೆ ದೇವರು ಕೊಟ್ಟ ವರ ಎಂದು ನನ್ನ ತಾಯಿ ಹೇಳುತ್ತಿದ್ದಳು. ಬೆಳಗಿನ ಒಲೆ ಆರಿರುತ್ತದೆ, ಸಂಜೆಯ ಒಲೆ ಇನ್ನೂ ಹತ್ತಿರುವುದಿಲ್ಲ. ಗಂಡಸರು ಮನೆಯಲ್ಲಿಲ್ಲ, ಮಕ್ಕಳು ಶಾಲೆಯಿಂದ ಬಂದಿಲ್ಲ. ಆ ಎರಡು ಗಂಟೆ ನಿನ್ನದು, ಮಲಗು ಬೇಕಾದರೆ, ಅಳು ಬೇಕಾದರೆ ಎನ್ನುತ್ತಿದ್ದಳು. ಮಕ್ಕಳು ಸಣ್ಣವರಿದ್ದಾಗ ಆ ವರಕ್ಕಾಗಿ ನಾನೂ ಬಾಯಿಬಿಟ್ಟು ಕಾಯುತ್ತಿದ್ದೆ. ನೀವೂ ಕಾದಿರಬೇಕು.

ಆದರೆ 2003ರಲ್ಲಿ ಕಿರಿಯ ಮಗಳ ಮದುವೆಯಾಗಿ, ಬೀಗರ ಉಪಚಾರವೆಲ್ಲ ಮುಗಿದು, ಪೆಂಡಾಲದ ಗಳು ಬಿಚ್ಚಿಕೊಂಡು ಹೋದ ಮೇಲೆ ಆ ಎರಡು ಗಂಟೆ ನನಗೆ ಭಾರವಾಗತೊಡಗಿತು. ಧಾರವಾಡದ ನಮ್ಮ ಮನೆ ದೊಡ್ಡದೇನಲ್ಲ. ಆದರೂ ಒಬ್ಬಳೇ ಇದ್ದಾಗ ಪಡಸಾಲೆಯಿಂದ ಅಡಿಗೆಮನೆಗೆ ಹೋಗುವುದೇ ಒಂದು ಪ್ರಯಾಣದಂತೆ ಅನ್ನಿಸುತ್ತಿತ್ತು. ನನಗಾಗ ನಲವತ್ತೇಳು. ಯಜಮಾನರು ಬ್ಯಾಂಕಿನ ನೌಕರಿಯಲ್ಲಿದ್ದರು. ಸಾಲವಿಲ್ಲ, ಸೋಲವಿಲ್ಲ. ಮಕ್ಕಳು ಸುಖವಾಗಿದ್ದರು. ನನಗೇನು ಕಡಿಮೆಯಾಗಿತ್ತು ಎಂದು ಯಾರಾದರೂ ಕೇಳಿದ್ದರೆ ಹೇಳಲು ಬಾಯಿಗೆ ಒಂದು ಮಾತೂ ಬರುತ್ತಿರಲಿಲ್ಲ. ತೊಳೆದ ಡಬ್ಬಿಗಳನ್ನೇ ಮತ್ತೆ ತೊಳೆಯುತ್ತಿದ್ದೆ. ಟಿ.ವಿ. ಧಾರಾವಾಹಿಯ ಅತ್ತೆಯಂದಿರ ಕಣ್ಣೀರನ್ನು ನನ್ನದೇ ಸೆರಗಿನಿಂದ ಒರೆಸುತ್ತಿದ್ದೆ.

ಮದುವೆ, ಮುಂಜಿವೆಗಳಲ್ಲಿ ಹೊಸಬರು ಪರಿಚಯವಾದಾಗ, "ನೀವೇನ್ ಮಾಡ್ತೀರಿ?" ಎಂದು ಕೇಳುತ್ತಾರಲ್ಲ, ಆಗ ನಾನು, "ಏನೂ ಇಲ್ರಿ, ಮನ್ಯಾಗ ಇರ್ತೀನಿ" ಎನ್ನುತ್ತಿದ್ದೆ. ಇಪ್ಪತ್ತೈದು ವರ್ಷ ಮೂರು ಹೊತ್ತು ಬೇಯಿಸಿ ಬಡಿಸಿದವಳು, ಹಾಸಿಗೆ ಹಿಡಿದ ಅತ್ತೆಯನ್ನು ಆರು ವರ್ಷ ನೋಡಿಕೊಂಡವಳು, ಏನೂ ಇಲ್ಲ ಎನ್ನುತ್ತಿದ್ದೆ! ಕೇಳಿದವರೂ ಹೌದೆಂದು ತಲೆಯಾಡಿಸಿ ಬೇರೆಯವರತ್ತ ತಿರುಗುತ್ತಿದ್ದರು.

ಸುಮ್ಮನೆ ಕೂತಿರಲಿಲ್ಲ ಅನ್ನಿ. ಭಜನಾ ಮಂಡಳಕ್ಕೆ ಸೇರಿದೆ. ಅಲ್ಲಿ ಭಜನೆಗಿಂತ ಸೊಸೆಯಂದಿರ ಸ್ಮರಣೆಯೇ ಹೆಚ್ಚು ನಡೆಯುತ್ತಿತ್ತು. ಹಪ್ಪಳ, ಸಂಡಿಗೆ ಮಾಡಿದೆ, ತಿನ್ನುವವರಿರಲಿಲ್ಲ. ಬೆಳಿಗ್ಗೆ ಸ್ನಾನವಾದ ಮೇಲೆ ಇಷ್ಟಲಿಂಗ ಪೂಜೆಗೆ ಕೂತರೆ, ಅಂಗೈಯಲ್ಲಿ ಲಿಂಗ ಇರುತ್ತಿತ್ತು, ಮನಸ್ಸು ಕಿರಾಣಿ ಅಂಗಡಿಯ ಚೀಟಿ ಬರೆಯುತ್ತಿತ್ತು.

ಆ ವರ್ಷದ ದಸರೆಗೆ ಅಟ್ಟದ ಟ್ರಂಕು ಇಳಿಸಿ ಸೀರೆಗಳನ್ನು ಬಿಸಿಲಿಗೆ ಹಾಕುವಾಗ ತಾಯಿಯ ಚಂದ್ರಕಾಳಿ ಸಿಕ್ಕಿತು. ನಮ್ಮ ಕಡೆ ಮದುಮಗಳಿಗೆ ಕೊಡುವ ಕಪ್ಪು ಸೀರೆ ಅದು. ಅದರ ತುಂಬ ಕಸೂತಿ. ಸೆರಗಿನ ಮೇಲೆ ಗೋಪುರ, ತೇರು, ತುಳಸಿಕಟ್ಟೆ. ನಡುವೆ ಆನೆ, ನವಿಲು, ಶಂಖ. ಒಂದು ಮೂಲೆಯಲ್ಲಿ ಪುಟ್ಟ ತೊಟ್ಟಿಲು. ಮಡಿಕೆ ಬಿದ್ದಲ್ಲಿ ಸೀರೆ ಸೀಳಿ ಒಂದು ಗೋಪುರದ ಅರ್ಧವೇ ಹೋಗಿತ್ತು. ಅದನ್ನು ಸರಿಮಾಡಿಸಬೇಕೆಂದು ಹೊರಟಾಗ, "ಮೂಲಿಮನಿ ಆಯಿ ಹತ್ರ ಒಯ್ರಿ" ಎಂದು ಪಕ್ಕದ ಮನೆಯವರು ಹೇಳಿದರು.

ಆಯಿಗೆ ಎಪ್ಪತ್ತು ದಾಟಿತ್ತು. ಎಡಗಣ್ಣು ಪೂರ್ತಿ ಹೋಗಿತ್ತು. ಬಲಗಣ್ಣಿನಲ್ಲಿ ಆಕಾರ ಕಾಣುವಷ್ಟು ಬೆಳಕು ಉಳಿದಿತ್ತು. ಸೀರೆಯನ್ನು ತೊಡೆಯ ಮೇಲೆ ಹಾಕಿಕೊಂಡು ಬೆರಳಿನಿಂದ ಸವರಿದಳು. "ಛಲೋ ಕೈ. ಯಾರ್ದಿದು?" ಎಂದಳು. ನಮ್ಮವ್ವನದು ಎಂದೆ.

"ನಿಮ್ಮವ್ವ ನಿನಗ ಕಲಿಸಲಿಲ್ಲೇನ?"

"ನಾ ಕಲೀಲಿಲ್ರಿ. ಬಿ.ಎ. ಓದ್ಲಿಕ್ಕತ್ತಿದ್ದೆ. ಸೂಜಿ ಹಿಡಿಯೂದು ಹಳೇ ಕಾಲದವರ ಕೆಲಸ ಅಂತ ತಿಳದಿದ್ದೆ."

ಆಯಿ ನಕ್ಕಳು. "ನಾ ಮಾಡಿ ಕೊಡೂದಿಲ್ಲವಾ. ಕಣ್ಣಿಲ್ಲ. ಕಲಿಸ್ತೀನಿ, ನೀನ ಮಾಡ್ಕೋ. ನಾಳೆ ಎರಡಕ್ಕ ಬಾ."

ಎರಡಕ್ಕೆ! ನನ್ನ ಭಾರದ ಹೊತ್ತು ಆಕೆಗೆ ಹೇಗೆ ತಿಳಿಯಿತೋ ಕಾಣೆ.

ಕಸೂತಿ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು ಹೇಳಿಬಿಡುತ್ತೇನೆ. ಕೈ ಮತ್ತು ಸೂತಿ, ಅಂದರೆ ಕೈ ಮತ್ತು ನೂಲು, ಇವೆರಡು ಕೂಡಿ ಈ ಹೆಸರಾಯಿತೆಂದು ಹೇಳುತ್ತಾರೆ. ಇದರಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿಯೇ ಹೊಲಿಯಬೇಕು. ಗಂಟು ಹಾಕುವಂತಿಲ್ಲ. ಹೊಲಿಗೆ ನಾಲ್ಕು ಬಗೆ. ಗವಂತಿ ಎಂದರೆ ನೇರ ಗೆರೆಯದು. ಮುರ್ಗಿ ಮೆಟ್ಟಿಲಿನಂತೆ ಮುರಿದು ಮುರಿದು ಹೋಗುವುದು. ನೇಗಿ ನೇಯ್ದ ಹಾಗೆ ಕಾಣುವುದು. ಮೆಂತಿ ಎಂದರೆ ಮೆಂತೆ ಕಾಳು ಚೆಲ್ಲಿದಂತೆ ಒತ್ತೊತ್ತಾದ ಕತ್ತರಿ ಹೊಲಿಗೆ. ಗವಂತಿ, ಮುರ್ಗಿಗಳಲ್ಲಿ ಬಟ್ಟೆಯನ್ನು ಬೋರಲು ಹಾಕಿದರೂ ಚಿತ್ರ ಒಂದೇ ಥರ ಕಾಣಬೇಕು, ಮುಂದು ಯಾವುದು, ಹಿಂದು ಯಾವುದು ತಿಳಿಯಬಾರದು.

ಮೊದಲ ವಾರ ನಾನು ಒಂದು ನೇರ ಗೆರೆಯನ್ನೂ ಹಾಕಲಾರದೆ ಹೋದೆ. "ನಾಲ್ಕೆಳಿ ಹಿಡಿ, ನಾಲ್ಕೆಳಿ ಬಿಡು" ಎನ್ನುತ್ತಿದ್ದಳು ಆಯಿ. ಹಾಗೆ ಬಿಡುತ್ತ ಬಿಡುತ್ತ ಗೆರೆಯ ಕೊನೆಯವರೆಗೆ ಹೋಗಬೇಕು. ಆಮೇಲೆ ಅದೇ ದಾರಿಯಲ್ಲಿ ತಿರುಗಿ ಬರುತ್ತ, ಹೋಗುವಾಗ ಬಿಟ್ಟ ಜಾಗವನ್ನೆಲ್ಲ ತುಂಬಬೇಕು. ಹೋಗುವಾಗ ಎಲ್ಲೋ ಮೂರು ಹಿಡಿದೋ ಐದು ಬಿಟ್ಟೋ ಇದ್ದರೆ ಆಗ ಗೊತ್ತಾಗುವುದಿಲ್ಲ. ಬರುವಾಗ ಸೂಜಿ ಬಂದು ಅಲ್ಲಿ ನಿಂತುಬಿಡುತ್ತದೆ. ಕೂಡಿಸಿಕೊಳ್ಳಲು ನೋಡಿದರೆ ತೇರಿನ ಗಾಲಿ ಸೊಟ್ಟ. ಬಿಚ್ಚುವುದೊಂದೇ ದಾರಿ.

"ಬಿಚ್ಚಾಕ ಯಾಕ ಬ್ಯಾಸರ? ಹೊಲಿಯೂದೂ ಕೆಲಸನ, ಬಿಚ್ಚೂದೂ ಕೆಲಸನ" ಎನ್ನುತ್ತಿದ್ದಳು ಆಯಿ.

ತಾಯಿಯ ಸೀರೆಯ ಗೋಪುರ ಮುಗಿಯಲು ನನಗೆ ಐದು ತಿಂಗಳು ಹಿಡಿಯಿತು. ನನ್ನ ಅರ್ಧ, ಅವಳ ಅರ್ಧ ಸೇರಿದ ದಿನ ಆಯಿಯ ಪಡಸಾಲೆಯಲ್ಲಿಯೇ ಕೂತು ಅತ್ತೆ. ಅವ್ವ ಹೋಗಿ ಹನ್ನೊಂದು ವರ್ಷವಾಗಿತ್ತು. ಅವಳು ಮದುವೆಗೆ ಮುಂಚೆ ಹುಡುಗಿಯಾಗಿದ್ದಾಗ ಎಣಿಸಿದ್ದ ಎಳೆಗಳನ್ನು ನಾನು ನಲವತ್ತೆಂಟನೆಯ ವಯಸ್ಸಿನಲ್ಲಿ ಎಣಿಸುತ್ತಿದ್ದೆ. ಅವಳೊಂದಿಗೆ ಅಷ್ಟು ಹೊತ್ತು ನಾನು ಅವಳು ಬದುಕಿದ್ದಾಗಲೂ ಕೂತಿರಲಿಲ್ಲ.

ಒಂದು ವಿಚಿತ್ರ ನೋಡಿ. ಪೂಜೆಗೆ ಕೂತಾಗ ನಿಲ್ಲದ ಮನಸ್ಸು ಸೂಜಿ ಹಿಡಿದಾಗ ನಿಲ್ಲುತ್ತಿತ್ತು. ಎಣಿಕೆ ತಪ್ಪಬಾರದಲ್ಲ! ಬರಬರುತ್ತ ಆ ನಿಲುಗಡೆ ಬೆಳಗಿನ ಪೂಜೆಗೂ ಸ್ವಲ್ಪ ಸ್ವಲ್ಪ ಬಂತು. ಇದು ಭಕ್ತಿಯೋ ಅಭ್ಯಾಸವೋ ಎಂದು ಸ್ವಾಮಿಗಳನ್ನು ಕೇಳುವ ಧೈರ್ಯ ನನಗಾಗಲಿಲ್ಲ.

2005ರಲ್ಲಿ ಪರಿಚಯದವರೊಬ್ಬರು ಸೊಸೆಯ ಸೀಮಂತಕ್ಕೆ ಇಳಕಲ್ ಸೀರೆಯ ಮೇಲೆ ಕಸೂತಿ ಮಾಡಿಸಿಕೊಂಡು ಸಾವಿರ ರೂಪಾಯಿ ಕೊಟ್ಟರು. ನನ್ನ ಜೀವನದ ಮೊದಲ ಗಳಿಕೆ! ನೋಟುಗಳನ್ನು ಬಸವಣ್ಣನವರ ಪಟದ ಮುಂದಿಟ್ಟು ಮೂರು ದಿನ ಮುಟ್ಟಲಿಲ್ಲ. ನಾಲ್ಕನೆಯ ದಿನ ಯಜಮಾನರು, "ಬ್ಯಾಂಕಿನಾಗ ಇಟ್ರ ಬಡ್ಡಿ ಬರ್ತದ, ದೇವರು ಬಡ್ಡಿ ಕೊಡೂದಿಲ್ಲ" ಎಂದು ನಕ್ಕರು.

ಅಲ್ಲಿಂದ ಮುಂದೆ ಬೇಗ ಬೇಗ ನಡೆಯಿತು. ಹುಬ್ಬಳ್ಳಿಯ ಒಂದು ಸೀರೆ ಅಂಗಡಿಯವರು ಕೆಲಸ ನೋಡಿ, ತಿಂಗಳಿಗೆ ಎರಡಾದರೂ ಮಾಡಿಕೊಡಿ ಎಂದರು. 2006ರಲ್ಲಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕ ಸುದ್ದಿ ಬಂದಾಗ ಕೇಳುವವರು ಹೆಚ್ಚಾದರು. ನನ್ನೊಬ್ಬಳಿಂದ ಆಗುವ ಮಾತಲ್ಲ. ಕೆಳಗಿನ ಓಣಿಯ ಮೂವರು ಹೆಣ್ಣುಮಕ್ಕಳಿಗೆ ಕಲಿಸಿದೆ. ಅವರಲ್ಲೊಬ್ಬಳ ಕೈ ನನಗಿಂತ ಚುರುಕು. ಗಂಡ ಸಾಮಾನಿನ ಆಟೋ ಓಡಿಸುತ್ತಿದ್ದ. ಮನೆಯಲ್ಲಿ ಸಣ್ಣ ಮಗಳು. ಅವಳು ಹಾಕಿದ ಮುರ್ಗಿ ಅಚ್ಚು ಹಾಕಿದಂತಿರುತ್ತಿತ್ತು.

ಒಂದು ಸೀರೆಗೆ ಅಂಗಡಿಯವರು ಹನ್ನೆರಡು ನೂರು ಕೊಡುತ್ತಿದ್ದರು. ನೂಲಿಗೆ, ಬಸ್ಸಿಗೆ ನೂರು. ಹೊಲಿದವರಿಗೆ ನಾನು ನಾನೂರು ಕೊಡುತ್ತಿದ್ದೆ. ಉಳಿದ ಏಳು ನೂರು ನನಗೆ. ನಾನೂರು ಕೊಡುತ್ತಿದ್ದೆನೆಂಬುದು ಅವರಿಗೆ ಗೊತ್ತು, ಹನ್ನೆರಡು ನೂರು ಬರುತ್ತಿತ್ತೆಂಬುದನ್ನು ನಾನು ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ. ಒಂದು ಸೀರೆಗೆ ಇಪ್ಪತ್ತು, ಇಪ್ಪತ್ತೈದು ದಿನದ ಕೆಲಸ.

ಇದರಲ್ಲಿ ತಪ್ಪೇನಿದೆಯೆಂದು ನನಗೆ ಆಗ ಅನ್ನಿಸಿರಲಿಲ್ಲ, ನಿಜವಾಗಿಯೂ. ಕಲಿಸಿದವಳು ನಾನು, ಗಿರಾಕಿ ಹುಡುಕಿದವಳು ನಾನು, ಜಾಗ ನನ್ನದು, ನಡುನಡುವೆ ಚಹಾ ಕೂಡ ನನ್ನದು. ಊರಿನ ಮಹಿಳಾ ಮಂಡಳವೊಂದು, ಬಡ ಹೆಣ್ಣುಮಕ್ಕಳಿಗೆ ಆಸರೆಯಾದವರು ಎಂದು ನನಗೆ ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟಿತು. ಭಾಷಣದಲ್ಲಿ ಸೇವೆ ಎಂಬ ಶಬ್ದ ಎಷ್ಟೋ ಸಲ ಬಂತು. ನಾನು ಒಂದು ಸಲವೂ ತಲೆ ತಗ್ಗಿಸಲಿಲ್ಲ. ಆ ದುಡ್ಡಿನಲ್ಲಿಯೇ ಮಾಡಿಸಿಕೊಂಡ ಬಂಗಾರದ ಬೆಂಡೋಲೆ ಹಾಕಿಕೊಂಡು ಸಭೆಗೆ ಹೋಗಿದ್ದೆ. ಈಗ ಮದುವೆಮನೆಯಲ್ಲಿ ಯಾರಾದರೂ ಕೇಳಿದರೆ ಹೇಳಲು ನನ್ನ ಬಳಿ ಮಾತಿತ್ತು.

2007ರ ಬೇಸಿಗೆಯಲ್ಲಿ ಒಂದು ಸೀರೆ ಬಹಳ ಚೆನ್ನಾಗಿ ಬಂದಿತ್ತು. ಆಯಿಗೆ ತೋರಿಸಲು ಒಯ್ದೆ. ಅಷ್ಟರಲ್ಲಿ ಅವಳ ಬಲಗಣ್ಣಿನ ಬೆಳಕೂ ಹೋಗಿತ್ತು. ಬೆರಳುಗಳನ್ನು ಸೆರಗಿನ ಮೇಲೆ ಆಡಿಸಿದಳು. ತಿರುವಿ ಹಾಕಿ ಮತ್ತೆ ಆಡಿಸಿದಳು. ಬಹಳ ಹೊತ್ತು ಮಾತಿಲ್ಲ.

"ಇದು ನಿನ್ನ ಕೈ ಅಲ್ಲ" ಎಂದಳು.

"ಅಲ್ರಿ ಆಯಿ. ಕೆಳಗಿನ ಓಣಿ ಹುಡುಗಿ ಮಾಡಿದ್ದು."

"ನೂಲು ಎಳಿಯೂದ ಗೊತ್ತಾಗ್ತದ. ಎಲ್ಲೂ ಬಿಗಿ ಇಲ್ಲ, ಸಡಲ ಇಲ್ಲ. ನಿನಗಿಂತ ಛಲೋ ಕೈ ಅದ." ಆಮೇಲೆ ಸೀರೆ ಮಡಿಸುತ್ತ ಕೇಳಿದಳು: "ಎಷ್ಟು ಕೊಟ್ಟಿ ಆಕಿಗೆ?"

ನಾನೂರು ಎಂದೆ.

"ಅಂಗಡಿಯಾಂವ ನಿನಗೆಷ್ಟು ಕೊಡ್ತಾನ?"

ನಾನು ಹೇಳಲಿಲ್ಲ. ಗ್ಯಾಸಿನ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಸುಳ್ಳು ಹೇಳಿ ಎದ್ದು ಬಂದೆ. ಆಯಿ ಮತ್ತೆಂದೂ ಆ ಮಾತು ತೆಗೆಯಲಿಲ್ಲ. ತೆಗೆದಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ.

ಜೂನ್ ತಿಂಗಳಿನಿಂದ ಆ ಹುಡುಗಿ ಬರುವುದನ್ನು ನಿಲ್ಲಿಸಿದಳು. "ಮನ್ಯಾಗ ಕೆಲಸ ಭಾಳ ಅದ ಅಂತರಿ" ಎಂದು ಉಳಿದಿಬ್ಬರು ಹೇಳಿದರು. ಬಡವರ ಮನೆಯ ತಾಪತ್ರಯ ಇದ್ದದ್ದೇ ಎಂದುಕೊಂಡು ಸುಮ್ಮನಾದೆ.

ಆ ಶ್ರಾವಣದಲ್ಲಿ ಮಠದ ಪ್ರವಚನಕ್ಕೆ ದಿನಾಲೂ ಹೋಗುತ್ತಿದ್ದೆ. ಒಂದು ಸಂಜೆ ಆಯ್ದಕ್ಕಿ ಲಕ್ಕಮ್ಮನ ಕಥೆ. ಸಣ್ಣವಳಿದ್ದಾಗಿನಿಂದ ಕೇಳಿದ ಕಥೆಯೇ. ಕಲ್ಯಾಣದಲ್ಲಿ ಮಾರಯ್ಯ ದಿನಾಲೂ ಚೆಲ್ಲಿದ ಅಕ್ಕಿ ಆಯ್ದು ತರುವುದು, ಅದರಿಂದಲೇ ಲಕ್ಕಮ್ಮ ಅಡಿಗೆ ಮಾಡಿ ಜಂಗಮರಿಗೆ ದಾಸೋಹ ನಡೆಸುವುದು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಬೇರೆ ಹೆಂಗಸಾಗಿದ್ದರೆ ನಾಳೆಗಾಯಿತು ಎನ್ನುತ್ತಿದ್ದಳು. ಲಕ್ಕಮ್ಮ ಮಾತ್ರ ಇದು ನಮ್ಮ ದಿನದ ಅಳತೆಗಿಂತ ಹೆಚ್ಚಾಯಿತು, ಎಲ್ಲಿಂದ ತಂದೆಯೋ ಅಲ್ಲಿಯೇ ಚೆಲ್ಲಿ ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು.

ಇಷ್ಟು ವರ್ಷ ನಾನು ಈ ಕಥೆಯನ್ನು ಬಡತನದ ಕಥೆಯೆಂದು ಕೇಳಿದ್ದೆ. ಆ ಸಂಜೆ ಅದು ಲೆಕ್ಕದ ಕಥೆಯಾಗಿ ಕೇಳಿಸಿತು. ಲಕ್ಕಮ್ಮ ಅಕ್ಕಿಯನ್ನು ನೋಡಿದ ಕೂಡಲೇ ಹೆಚ್ಚಾಯಿತೆಂದು ತಿಳಿದದ್ದು ಹೇಗೆ? ದಿನಾಲೂ ಅಳೆಯುವ ಕೈ ಅದು. ಕತ್ತಲಲ್ಲಿ ಹಿಡಿದರೂ ಗೊತ್ತಾಗುವ ಕೈ. ಸೀರೆಯ ಮೇಲೆ ಆಡುತ್ತಿದ್ದ ಆಯಿಯ ಬೆರಳು ಕಣ್ಣಮುಂದೆ ಬಂತು. ಪ್ರಸಾದಕ್ಕೆ ನಿಲ್ಲದೆ ಮನೆಗೆ ಬಂದೆ.

ರಾತ್ರಿ ಹಳೆಯ ಡೈರಿ ತೆಗೆದು ಕೂತೆ. ಒಟ್ಟು ಮೂವತ್ತೊಂದು ಸೀರೆ. ಗಿರಾಕಿ ನೋಡುವುದಕ್ಕೆ, ತಪ್ಪು ತಿದ್ದುವುದಕ್ಕೆ ನನಗೊಂದು ನೂರೈವತ್ತು ಇರಲಿ ಎಂದು ಹಿಡಿದೆ. ಆಗಲೂ ಒಂದೊಂದು ಸೀರೆಗೆ 550 ರೂಪಾಯಿ ಅವರದ್ದು ನನ್ನಲ್ಲಿ ಉಳಿದಿತ್ತು. ಮೂವತ್ತೊಂದಕ್ಕೆ 17,050. ಬಿಡಿಸಿದ ಲೆಕ್ಕವನ್ನು ಯಜಮಾನರ ಮುಂದಿಟ್ಟೆ. ಬ್ಯಾಂಕಿನವರಲ್ಲವೇ, ಕನ್ನಡಕ ಏರಿಸಿ ಎರಡು ಸಲ ನೋಡಿದರು. "ಲೆಕ್ಕ ಸರಿ ಅದ" ಎಂದರು. "ವ್ಯಾಪಾರ ಅಂದ್ರ ಹಿಂಗ ಇರ್ತದ, ನೀ ಯಾಕ ಇಷ್ಟ ತಲಿ ಕೆಡಿಸ್ಕೋತಿ" ಎಂದೂ ಅಂದರು. ವ್ಯಾಪಾರವಾಗಿದ್ದರೆ ಇರಬಹುದಾಗಿತ್ತು. ನಾನು ಶಾಲು ಹೊದ್ದುಕೊಂಡು ಬಂದಿದ್ದೆನಲ್ಲ!

ಬೆಂಡೋಲೆ ಮಾರಿದೆ. ಸಾಲದೆ ಬಂದದ್ದನ್ನು ದೀಪಾವಳಿಯವರೆಗೆ ನಾನೇ ಹೊಲಿದು ತೀರಿಸಿದೆ. ಇಬ್ಬರು, "ಇರ್ಲಿ ಬಿಡ್ರಿ ಅಕ್ಕಾರ" ಎನ್ನುತ್ತಲೇ ತೆಗೆದುಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡರು. ಮೂರನೆಯವಳ ಮನೆಗೆ ನಾನೇ ಹೋದೆ. ಅವಳು ಒಲೆಯ ಮುಂದೆ ಕೂತು ಖಾನಾವಳಿಗೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ರೊಟ್ಟಿಯ ಗುಡ್ಡೆ. ಆ ಬೆರಳುಗಳ ತುದಿ ಸುಟ್ಟು ಕಪ್ಪಾಗಿತ್ತು.

ಅವಳು ಮಾಡಿದ್ದು ಒಂಬತ್ತು ಸೀರೆ. 4,950 ರೂಪಾಯಿ. ಲೆಕ್ಕದ ಚೀಟಿ ಸಹಿತ ಮುಂದಿಟ್ಟು, ತಪ್ಪಾಯಿತೆಂದು ಹೇಳಿದೆ. ಅವಳು ಕೈಯ ಹಿಟ್ಟು ಒರೆಸಿಕೊಂಡು ಹಣ ಎಣಿಸಿದಳು. ಚೀಟಿಯನ್ನು ನೋಡಲಿಲ್ಲ.

"ನಾ ಈ ಲೆಕ್ಕಾ ಹೋದ ವರ್ಷನ ಹಾಕಿದ್ದೆ ರೀ ಅಕ್ಕಾರ" ಎಂದಳು. "ಅಂಗಡಿಗೆ ಒಮ್ಮೆ ನಿಮ್ಮ ಜೋಡಿ ಬಂದಿದ್ನಲ್ಲ, ಅವತ್ತ. ನೀವು ಯಾವಾಗ ಹಾಕ್ತೀರಿ ಅಂತ ನೋಡ್ಲಿಕ್ಕತ್ತಿದ್ದೆ."

ಬೈದಿದ್ದರೆ ಚೆನ್ನಾಗಿರುತ್ತಿತ್ತು. ಮತ್ತೆ ಬರುತ್ತೀಯಾ ಎಂದು ಕೇಳಿದೆ. "ರೊಟ್ಟಿ ದಿನಾ ರೊಕ್ಕಾ ಕೊಡ್ತದ್ರಿ" ಎಂದು ಹೇಳಿ ಹೆಂಚಿನ ಮೇಲಿನ ರೊಟ್ಟಿ ಮಗುಚಿದಳು. ಅವಳು ಮತ್ತೆ ಬರಲಿಲ್ಲ. ಅಂಥ ಕೈ ಕಸೂತಿಗೆ ತಪ್ಪಿಹೋದದ್ದು ನನ್ನಿಂದ. ಇದನ್ನು ಬಿಚ್ಚಿ ತಿರುಗಿ ಹೊಲಿಯಲು ಬರುವುದಿಲ್ಲ.

ಅಂದಿನಿಂದ ನಮ್ಮ ಪಡಸಾಲೆಯ ಗೂಡಿನಲ್ಲಿ ಒಂದು ನೋಟ್‌ಬುಕ್ ಇರುತ್ತದೆ. ಅಂಗಡಿಯವರು ಎಷ್ಟು ಕೊಟ್ಟರು, ನೂಲಿಗೆಷ್ಟು, ಬಸ್ಸಿಗೆಷ್ಟು, ಹೊಲಿದವಳಿಗೆಷ್ಟು, ನನಗೆಷ್ಟು ಎಲ್ಲ ಅದರಲ್ಲಿರುತ್ತದೆ. ಓದಲು ಬಾರದವರಿಗೆ ಓದಿ ಹೇಳುವ ಪದ್ಧತಿ. ನನ್ನ ಗಳಿಕೆ ಕಡಿಮೆಯಾಯಿತು. ಬರುವವರು ಮೂರರಿಂದ ಹನ್ನೊಂದಾದರು. ಎಳೆ ಎಣಿಸಲು ಬಾರದ ನುಣುಪು ಸೀರೆಗಳ ಕಾಲ ಬಂದಾಗ, ಮೇಲೊಂದು ಜಾಳು ಬಟ್ಟೆ ಟಾಕಿ ಅದರ ಎಳೆ ಎಣಿಸಿ ಹೊಲಿದು, ಕೊನೆಗೆ ಆ ಜಾಳಿನ ದಾರಗಳನ್ನು ಒಂದೊಂದಾಗಿ ಎಳೆದು ತೆಗೆಯುವುದನ್ನು ಎಲ್ಲರೂ ಕೂಡಿ ಕಲಿತೆವು.

ಆಯಿ 2011ರಲ್ಲಿ ತೀರಿಕೊಂಡಳು. ಯಜಮಾನರು 2017ರಲ್ಲಿ ಹೋದರು. ಅವರು ಹೋದ ಹದಿಮೂರನೆಯ ದಿನ, ನೆಂಟರೆಲ್ಲ ಊರಿಗೆ ಹೊರಟ ಮೇಲೆ, ಮಧ್ಯಾಹ್ನ ಎರಡಕ್ಕೆ ಬಾಗಿಲು ಬಡಿದ ಸಪ್ಪಳವಾಯಿತು. ನೋಡಿದರೆ ಹನ್ನೊಂದೂ ಜನ. ಯಾರೂ ಸಮಾಧಾನ ಹೇಳಲಿಲ್ಲ. ಚಾಪೆ ಹಾಸಿಕೊಂಡು ಕೂತು ಹೊಲಿಯತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ಒಬ್ಬಳು ನನ್ನ ಸೂಜಿಗೂ ನೂಲು ಪೋಣಿಸಿ ಕೈಗೆ ಕೊಟ್ಟಳು. ಅಂದು ನಾನು ಯಾರಿಗೆ ಆಸರೆಯಾಗಿದ್ದೆನೋ, ನನಗೆ ಯಾರು ಆಸರೆಯಾಗಿದ್ದರೋ, ಆ ಮಹಿಳಾ ಮಂಡಳದವರು ಬಂದು ನೋಡಬೇಕಾಗಿತ್ತು.

ಕೆಲಸ, ಕಲೆ, ಸೇವೆ, ದೇವರು ಇವೆಲ್ಲ ಬೇರೆ ಬೇರೆ ಕಪಾಟಿನಲ್ಲಿರುವ ಸಾಮಾನುಗಳೆಂದು ನಾನು ಬಹಳ ದಿನ ತಿಳಿದಿದ್ದೆ. ಬೆಳಿಗ್ಗೆ ದೇವರು, ಮಧ್ಯಾಹ್ನ ಕಸೂತಿ, ಶಾಲು ಹೊದಿಸುವ ದಿನ ಸೇವೆ. ಲೆಕ್ಕದ ಪುಸ್ತಕಕ್ಕೂ ಇವಕ್ಕೂ ಸಂಬಂಧವಿಲ್ಲ ಎಂದುಕೊಂಡಿದ್ದೆ. ಈಗ ಪೂಜೆಗೆ ಕೂತಾಗ ಕೆಲವೊಮ್ಮೆ ನೋಟ್‌ಬುಕ್ಕೇ ನೆನಪಾಗುತ್ತದೆ. ಅದನ್ನು ಓಡಿಸಲು ನಾನು ಹೋಗುವುದಿಲ್ಲ. ಅದು ಸರಿಯಿದ್ದ ದಿನ ಅಂಗೈಯ ಲಿಂಗವೂ ಹಗುರವಾಗಿರುತ್ತದೆ.

ನನಗೀಗ ಅರವತ್ತೊಂಬತ್ತು. ಎರಡೂ ಕಣ್ಣಿನ ಪೊರೆ ತೆಗೆಸಿದ್ದೇನೆ. ಸಣ್ಣ ಎಳೆ ಎಣಿಸುವಾಗ ದೀಪ ಬೇಕು. ಕಳೆದ ವರ್ಷದಿಂದ ಒಬ್ಬ ಹುಡುಗಿ ಬರುತ್ತಿದ್ದಾಳೆ. ಕಾಲೇಜು ಮುಗಿಸಿದ್ದಾಳೆ, ಮಾಡಿದ್ದನ್ನೆಲ್ಲ ಮೊಬೈಲಿನಲ್ಲಿ ಫೋಟೋ ತೆಗೆದು ಬೆಂಗಳೂರಿನ ಗಿರಾಕಿಗಳಿಗೆ ಕಳಿಸುತ್ತಾಳೆ. ನೋಟ್‌ಬುಕ್ ಬರೆಯುವುದೂ ಈಗ ಅವಳೇ. ಮೊದಲ ದಿನ ಬಂದಾಗ, "ನಮ್ಮವ್ವ ಕಳಿಸ್ಯಾಳ" ಎಂದಷ್ಟೇ ಹೇಳಿದಳು. ಯಾರ ಮಗಳೆಂದು ಕೇಳಬೇಕಾಗಿರಲಿಲ್ಲ. ಅವಳು ಹಾಕಿದ ಮೊದಲ ಮುರ್ಗಿಯ ಮೇಲೆ ಬೆರಳಾಡಿಸಿದಾಗಲೇ ಗೊತ್ತಾಗಿತ್ತು.

ಮೊನ್ನೆ ನಾನು ಹಾಕಿದ ತೇರನ್ನು ತಿರುವಿ ನೋಡಿ, "ಅಜ್ಜೀ, ಇಲ್ಲೊಂದು ಎಳಿ ತಪ್ಪೇತಿ ನೋಡ್ರಿ" ಎಂದಳು. ನನಗೆ ಕಾಣಲಿಲ್ಲ. ಆದರೂ ಅವಳ ಮಾತು ನಂಬಿ ಬಿಚ್ಚಲು ಕೂತೆ. ಗಡಿಯಾರದಲ್ಲಿ ಆಗ ಎರಡೂಕಾಲು.